ಕೊನೆಯ ಪಾಳಿಯ ಓಣಿ

ನಾನು ಬ್ಯಾಡಗಿಯಲ್ಲಿ ಕುಡಿಯುವ ನೀರಿನ ಟ್ಯಾಂಕಿನ ಪಂಪ್ ಆಪರೇಟರ್ ಆಗಿದ್ದೆ. ಈಗ ನಿವೃತ್ತ. ಇಲ್ಲಿ ಬರೆಯುತ್ತಿರುವುದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಒಂದು ಬೇಸಿಗೆಯಲ್ಲಿ ನಡೆದ ಸಂಗತಿ. ನನ್ನದು ಎನ್ನುವುದಕ್ಕಿಂತ ಅದು ನನ್ನ ಜೊತೆಗೆ ಕೆಲಸ ಮಾಡಿದ ವಾಲ್ವ್‌ಮನ್ ಚನ್ನಬಸಪ್ಪನದು. ಅವನು ತೀರಿಕೊಂಡು ಮೂರು ತಿಂಗಳಾಯಿತು. ಅವನಿದ್ದಾಗ ಇದನ್ನು ಬರೆಯಬೇಕು ಅನ್ನಿಸಿರಲಿಲ್ಲ. ದಿನಾ ಸಂಜೆ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದೆವು, ಅದೇ ಸಾಕಾಗಿತ್ತು. ಈಗ ಒಬ್ಬನೇ ಹೋಗಿ ಕೂತು ಬರುತ್ತೇನೆ. ಮಾತು ಒಳಗೇ ಉಳಿಯುತ್ತದೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ತುಂಗಭದ್ರೆಯ ದಂಡೆಯಲ್ಲಿ ಜಾಕ್‌ವೆಲ್ ಇದೆ, ಅಂದರೆ ಹೊಳೆಯ ನೀರು ಬಂದು ಸೇರುವ ದೊಡ್ಡ ಬಾವಿ. ಅಲ್ಲಿಂದ ಪಂಪು ಎತ್ತಿದ ನೀರು ಶುದ್ಧೀಕರಣವಾಗಿ, ದಪ್ಪ ಪೈಪಿನಲ್ಲಿ ಊರಿನ ಎತ್ತರದ ಟ್ಯಾಂಕಿಗೆ ಬರುತ್ತದೆ. ಅದನ್ನು ತುಂಬಿಸಿಕೊಳ್ಳುವುದು ನನ್ನ ಕೆಲಸ. ಟ್ಯಾಂಕಿನಿಂದ ಓಣಿ ಓಣಿಗೆ ಹೋಗುವ ಪೈಪುಗಳಿಗೆ ನೆಲದೊಳಗೆ ವಾಲ್ವ್ ಇರುತ್ತವೆ. ಯಾವ ದಿನ, ಯಾವ ಹೊತ್ತು, ಯಾವ ಓಣಿ ಎಂದು ಲೆಕ್ಕವಿಟ್ಟು ಅವನ್ನು ತೆರೆದು ಮುಚ್ಚುವವನು ವಾಲ್ವ್‌ಮನ್. ಅವನ ಕೈಯಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಚಾವಿ ಇರುತ್ತದೆ. ಚನ್ನಬಸಪ್ಪ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಸೈಕಲ್ ತಗ್ಗು ಹಾರಿದಾಗ ಚಾವಿ ಠಣ್ ಎಂದರೆ ಮನೆಮನೆಯಿಂದ ಕೊಡಗಳು ಹೊರಬೀಳುತ್ತಿದ್ದವು.

ನೀರು ದಿನವೂ ಬರುವ ಊರಿನವರಿಗೆ ನಮ್ಮ ಕಡೆಯ ‘ನೀರಿನ ದಿನ’ ಗೊತ್ತಾಗುವುದು ಕಷ್ಟ. ವಾರ ಕಳೆದು ಬರುವ ನೀರಿಗೆ ಮನೆಯ ಎಲ್ಲ ಕೆಲಸ ಕಟ್ಟಿಹಾಕಿಕೊಂಡಿರುತ್ತದೆ. ಆ ದಿನ ಯಾರೂ ಊರಿಗೆ ಹೋಗುವುದಿಲ್ಲ, ಹೋದವರು ಓಡಿ ಬರುತ್ತಾರೆ. ನಮ್ಮಲ್ಲಿ ಒಬ್ಬ ಹಾವೇರಿ ಕೋರ್ಟಿನ ತಾರೀಖನ್ನೇ ಬಿಟ್ಟು ಮನೆಯಲ್ಲಿ ಉಳಿದಿದ್ದ. ವಕೀಲರು ಬೈದರೆ, “ತಾರೀಖ ಮತ್ತ ಕೊಡ್ತಾರ್ರಿ, ನೀರು ಯಾರ ಕೊಡ್ತಾರ?” ಅಂದನಂತೆ. ನಕ್ಕು ಮರೆಯುವ ಮಾತು ಇದು. ಆದರೆ ಮಳೆ ಹಿಂದೆ ಸರಿದ ವರ್ಷಗಳಲ್ಲಿ ಅದೇ ನಗುವ ಮಂದಿ ಒಬ್ಬರ ಕೊಡವನ್ನು ಒಬ್ಬರು ಕಾಲಿನಿಂದ ಸರಿಸುವುದನ್ನೂ ನಾನು ನೋಡಿದ್ದೇನೆ.

ಚನ್ನಬಸಪ್ಪನ ಮನೆ ನಮ್ಮ ಟ್ಯಾಂಕಿನ ಕೆಳಗಿನ ಒಂದು ಏರು ಓಣಿಯಲ್ಲಿತ್ತು. ಹೆಂಡತಿ ಗಿರಿಜವ್ವ ಮೆಣಸಿನಕಾಯಿ ಸುಗ್ಗಿಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಪಕ್ಕದ ಮನೆಯ ನೀಲವ್ವ ಅವಳ ಜೊತೆಗಾತಿ. ಇಬ್ಬರೂ ಒಂದೇ ಅಂಗಡಿಯ ರಾಶಿಯ ಮುಂದೆ ಎದುರುಬದುರು ಕೂತು ಕೆಲಸ ಮಾಡಿದವರು. ಆ ಕೆಲಸ ಮಾಡಿದವರ ಕೈ ಸಂಜೆಗೆ ಬೆಂಕಿ. ಸೀರೆಯಲ್ಲಿ, ಕೂದಲಲ್ಲಿ ಘಾಟು. ಬಂದ ಕೂಡಲೇ ಎಣ್ಣೆ ತಿಕ್ಕಿ, ಕೈ ತೊಳೆದು, ಜಳಕ ಮಾಡಿದ ಮೇಲೆಯೇ ಒಲೆ ಮುಟ್ಟುವುದು, ಮಕ್ಕಳನ್ನು ಮುಟ್ಟುವುದು. ಇಬ್ಬರ ಹಿತ್ತಿಲಿನ ನಡುವೆ ಗೋಡೆ ಇರಲಿಲ್ಲ. ಒಂದು ದಿನ ಇವಳ ಹಂಡೆಗೆ ಉರಿ, ಮರುದಿನ ಅವಳ ಹಂಡೆಗೆ. ಕಟ್ಟಿಗೆಯೂ ಉಳಿಯಿತು, ನೀರೂ ಉಳಿಯಿತು. ಇಪ್ಪತ್ತು ವರ್ಷ ಹಾಗೇ ನಡೆದಿತ್ತು.

ನೀಲವ್ವನ ಕೈಗೆ ಇನ್ನೊಂದು ಹೆಸರಿತ್ತು. ಆ ಓಣಿಯಲ್ಲಿ ಯಾವ ಮನೆಯಲ್ಲಿ ಬಾಣಂತಿ ಇದ್ದರೂ ತಾಯಿಗೂ ಕೂಸಿಗೂ ನೀರೆರೆಯಲು ಅವಳನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಅವಳು ಎರೆಯುವುದನ್ನು ನೋಡಲು ಎಳೆಯ ಸೊಸೆಯರು ಬಂದು ನಿಲ್ಲುತ್ತಿದ್ದರು. ಚನ್ನಬಸಪ್ಪನ ಒಬ್ಬಳೇ ಮಗಳು ಸುಮಾಳಿಗೂ ಹುಟ್ಟಿದಾಗ ಎರೆದವಳು ಅವಳೇ. ಸುಮಾಳನ್ನು ಮುಂದೆ ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿಗೆ ಕೊಟ್ಟರು. ಒಕ್ಕಲುತನದ ಮನೆ, ಒಳ್ಳೆಯ ಜನ.

ಆ ಬೇಸಿಗೆ ಹೊಳೆಯಲ್ಲಿ ನೀರು ಜಾಕ್‌ವೆಲ್ಲಿನಿಂದ ದೂರ ಸರಿಯಿತು. ಮರಳಿನ ಚೀಲ ಅಡ್ಡಹಾಕಿ, ಕಾಲುವೆ ತೋಡಿ, ಉಳಿದದ್ದನ್ನು ಎಳೆದುಕೊಳ್ಳುತ್ತಿದ್ದರು. ಟ್ಯಾಂಕು ಅರ್ಧ ತುಂಬಿದರೆ ದೊಡ್ಡದು. ವಾರಕ್ಕೊಮ್ಮೆ ಬರುತ್ತಿದ್ದ ಪಾಳಿ ಎರಡು ವಾರಕ್ಕೆ ಹೋಯಿತು. ಆಗ ಊರಿನ ಕಣ್ಣು ಮೊದಲು ಬೀಳುವುದು ವಾಲ್ವ್‌ಮನ್ ಮೇಲೆ.

ಒಂದು ಬೆಳಿಗ್ಗೆ ಅವನು ಯಾವುದೋ ಓಣಿಯಲ್ಲಿ ವಾಲ್ವ್ ಮುಚ್ಚುತ್ತಿದ್ದಾಗ ನಳದ ಮುಂದೆ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದಳಂತೆ: “ಚಾವಿ ಇದ್ದವರ ಮನಿ ಹಂಡೇಕ ಬ್ಯಾಸಗಿ ಹತ್ತೂದಿಲ್ಲ ಬಿಡವಾ.” ನಾಲ್ಕು ಜನ ನಕ್ಕರಂತೆ. ಅಷ್ಟೇ. ಆದರೆ ಅವನು ಟ್ಯಾಂಕಿನ ಪಕ್ಕದ ಪಂಪ್‌ಹೌಸಿಗೆ ಬಂದು ಚಾವಿಯನ್ನು ಗೋಡೆಗೆ ಆನಿಸಿ ಕೂತವನು, ನಾನು ಕೊಟ್ಟ ಚಹಾವನ್ನು ಕೈಯಲ್ಲೇ ಆರಿಸಿದ.

“ನಾಳೆಯಿಂದ ನಮ್ಮ ಓಣಿ ಕಡೀಕ ಬಿಡೂನು” ಅಂದ.

ಒಂದೇ ದಿನ ನೀರು ಬಿಡುವ ಓಣಿಗಳಲ್ಲಿ ಅವನ ಓಣಿಯ ಪಾಳಿ ನಡುವೆ ಬರುತ್ತಿತ್ತು. ಕೊನೆಯ ಪಾಳಿ ಎಂದರೆ ಏನು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಟ್ಯಾಂಕಿನ ನೀರು ತಳ ಹತ್ತಿದಾಗ ಒತ್ತಡ ಬೀಳುತ್ತದೆ. ಏರಿನ ಮನೆಗಳಿಗೆ ನಳದಲ್ಲಿ ಸಣ್ಣ ದಾರದಂತೆ ಬರುತ್ತದೆ. ಪೂರ್ತಿ ಖಾಲಿ ಮಾಡುವಂತೆಯೂ ಇಲ್ಲ. ಪೈಪಿಗೆ ಗಾಳಿ ಹೊಕ್ಕರೆ ಮರುದಿನ ಯಾರಿಗೂ ನೀರು ಸರಿಯಾಗಿ ಏರುವುದಿಲ್ಲ. ಹಾಗಾಗಿ ಕೊನೆಯ ಓಣಿಯ ಸಮಯವನ್ನೇ ಕತ್ತರಿಸಬೇಕಾಗುತ್ತದೆ.

“ಲೇ, ಪಾಳಿ ಇದ್ದಂಗ ಇರ್ಲಿ. ಯಾರೋ ಅಂದ್ರು ಅಂತ ಓಣೀನ ಯಾಕ ಒಣಗಸ್ತಿ?” ಅಂದೆ.

“ನಿಂದೇನ ಹೋಗತೈತಿ? ನಿನ್ನ ಮನಿ ಈ ಟ್ಯಾಂಕಿನ ಕೆಳಗ ಇಲ್ಲ. ನಾ ದಿನಾ ಬಜಾರದಾಗ ತಲಿ ಎತ್ತಿ ಅಡ್ಯಾಡಬೇಕು.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮೂವತ್ತು ವರ್ಷ ಅವನು ಯಾರ ಮನೆಯ ಚಹಾ ಕುಡಿದೂ ಒಂದು ನಿಮಿಷ ಹೆಚ್ಚು ನೀರು ಬಿಟ್ಟವನಲ್ಲ. ಆ ಹೆಸರೊಂದೇ ಅವನ ಆಸ್ತಿ. ಅದಕ್ಕೆ ಚೂರು ಮಸಿ ಹತ್ತಿದರೂ ಅವನಿಗೆ ಸಹಿಸಲಾಗಲಿಲ್ಲ. ಅಂದಿನಿಂದ ಅವನ ಓಣಿ ಕೊನೆಯದಾಯಿತು. ಊರಲ್ಲಿ ಬಾಯಿ ಮುಚ್ಚಿತು. ಓಣಿಯಲ್ಲಿ ಬಾಯಿ ತೆರೆಯಿತು.

ಅದು ತೆರೆದದ್ದು ಅವನ ಮುಂದಲ್ಲ, ಗಿರಿಜವ್ವನ ಮುಂದೆ. ನೀರಿನ ದಿನ ಅರ್ಧ ತುಂಬಿದ ಕೊಡ ಎತ್ತಿಕೊಂಡು ನೀಲವ್ವ ನಡುಓಣಿಯಲ್ಲಿ ನಿಂತು ಹೇಳಿದ್ದನ್ನು ಓಣಿಯವರೆಲ್ಲ ಕೇಳಿದರು: “ನಿನ್ನ ಗಂಡಗ ಹೆಸರು ತುಂಬಿಸ್ಕೊಳ್ಳಾಕ ನಮ್ಮ ಕೊಡಾನ ಖಾಲಿ ಇಡಬೇಕೇನ ಗಿರಿಜಕ್ಕ? ಅಂವ ಇಲ್ಲಿ ಮನಿ ಮಾಡಿದ್ದ ನಮ್ಮ ಕರ್ಮ ನೋಡವಾ.”

ಗಿರಿಜವ್ವ ಗಂಡನನ್ನು ಬಿಟ್ಟುಕೊಡಲಿಲ್ಲ. “ಹಂಗಾರ ಕದ್ದು ತುಂಬಸಬೇಕಿತ್ತೇನ? ತುಡುಗು ನೀರು ಕುಡದ ರೂಢಿ ನಮಗಿಲ್ಲ” ಅಂದಳು. ಆ ಮಾತು ನೀಲವ್ವನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಹೊರಗೆ ಹೀಗೆ ಅಂದವಳು ಮನೆಯೊಳಗೆ ಬಂದು ಗಂಡನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುವಾಗ ತಾಟಿನ ಸದ್ದು ಮಾತ್ರ. ಇದನ್ನು ಚನ್ನಬಸಪ್ಪನೇ ನನಗೆ ಹೇಳಿದ್ದು. “ಒಂದ ಚರಿಗಿ ನೀರು ಮುಂದ ಇಡತಾಳ. ಎರಡನೇದು ಕೇಳಿದ್ರ, ನಿಮ್ಮ ಟ್ಯಾಂಕನ್ಯಾಗ ಕುಡದು ಬರ್ರಿ ಅಂತಾಳ” ಎಂದು ನಗಲು ನೋಡಿದ.

ಒಂದೇ ಹಂಡೆಯ ಜಳಕ ನಿಂತಿತು. ಕೆಲಸಕ್ಕೆ ಇಬ್ಬರೂ ಬೇರೆ ಬೇರೆ ರಾಶಿಯ ಮುಂದೆ ಕೂತರು. ಕೆಲವು ದಿನಗಳ ಮೇಲೆ ನೀಲವ್ವನ ಮನೆಯ ಮುಂದಿನ ಬ್ಯಾರಲ್ಲಿಗೆ ಸರಪಳಿ ಬಿತ್ತು, ಸರಪಳಿಗೆ ಕೀಲಿ. ಗಿರಿಜವ್ವ ಒಂದು ಮಧ್ಯಾಹ್ನ ಗಂಡನಿಗೆ ಬುತ್ತಿ ಕೊಡಲು ಪಂಪ್‌ಹೌಸಿಗೆ ಬಂದಾಗ ಅದನ್ನು ನನ್ನ ಮುಂದೆ ಹೇಳಿ ಕಣ್ಣೀರು ಹಾಕಿದಳು. ಗಂಡ ಅಲ್ಲೇ ಇದ್ದ. ಅವನ ಕಡೆ ನೋಡಲಿಲ್ಲ.

“ಇಪ್ಪತ್ತ ವರ್ಷ ಒಂದ ಹಂಡ್ಯಾಗಿನ ನೀರು ಮೈಮ್ಯಾಲ ಹಾಕ್ಕೊಂಡೇವಿ ನಾಗಣ್ಣ. ಈಗ ನನಗ ಅಂತ ಕೀಲಿ ಹಾಕ್ಯಾಳ.”

ಇಷ್ಟರಲ್ಲಿ ಸುಮಾಳಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ, ತವರಿನ ಹಕ್ಕು. ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ ಗಂಡು ಕೂಸು ಹುಟ್ಟಿತು. ಅಲ್ಲಿಂದ ಬಾಣಂತಿಯನ್ನು ಬ್ಯಾಡಗಿಗೆ ಕರೆತಂದರು. ನಮ್ಮ ಕಡೆ ಬಾಣಂತನ ಎಂದರೆ ನೀರು. ದಿನಾ ಹಂಡೆ ತುಂಬ ಕುದಿಸಿ, ಸೊಂಟದ ಮೇಲೆ, ಬೆನ್ನ ಮೇಲೆ ಚರಿಗೆ ಚರಿಗೆ ಸುರಿಯಬೇಕು. ಕೂಸಿನ ಬಟ್ಟೆ ಬೇರೆ. ಐದು ತಿಂಗಳು ಮಗಳು ತವರಲ್ಲಿ ಬೆಚ್ಚಗೆ ಇದ್ದು ಹೋಗಬೇಕು. ತಾಯಿಯಾದವಳು ಮಗಳ ಮದುವೆಯ ದಿನದಿಂದ ಎದುರುನೋಡುವುದು ಅದನ್ನೇ.

ಗಿರಿಜವ್ವ ಗಂಡನ ಜೊತೆ ಮತ್ತೆ ಮಾತಾಡಿದಳು. “ನನಗ ಬ್ಯಾಡ, ನಿಮಗ ಬ್ಯಾಡ. ಮಗಳಿಗೆ ಅಂತ ಇದೊಂದ ಸರ್ತಿ ಓಣಿ ಪಾಳಿ ಮೊದಲಿನಂಗ ಮಾಡ್ರಿ” ಅಂದಳಂತೆ. ಅವನು ಆಗಲೇ ಪಾಳಿಯನ್ನು ಮೊದಲಿನ ಜಾಗಕ್ಕೆ ತಂದಿದ್ದರೆ ಯಾರ ನೀರನ್ನೂ ಕಸಿದಂತಾಗುತ್ತಿರಲಿಲ್ಲ. ಅದು ಆ ಓಣಿಗೆ ಸಲ್ಲಬೇಕಾದದ್ದೇ. ನಾನೂ ಹೇಳಿದೆ. ಆದರೆ ಮಗಳು ಬಂದ ವಾರವೇ ಪಾಳಿ ಬದಲಾದರೆ ಊರು ಏನನ್ನುತ್ತದೆ ಎಂಬುದೇ ಅವನ ತಲೆಯಲ್ಲಿ. “ಬಾಣಂತನ ಮುಗೀಲಿ, ಆಮ್ಯಾಲ ನೋಡೂನು” ಅಂದ.

ಅವನಿಗೆ ಮಗಳ ಮೇಲೆ ಜೀವ ಇರಲಿಲ್ಲ ಎನ್ನುವಂತಿಲ್ಲ. ಕೆಲಸ ಮುಗಿದ ಮೇಲೆ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಮೋಟೆಬೆನ್ನೂರು ರಸ್ತೆಯ ಹೊಲವೊಂದರ ಬೋರಿನಿಂದ ನೀರು ತರುತ್ತಿದ್ದ. ಬಿಸಿಲಲ್ಲಿ ಏರು ಹತ್ತುವಾಗ ಇಳಿದು ತಳ್ಳುತ್ತಿದ್ದ. ಊರಿಗೆಲ್ಲ ನೀರು ಬಿಡುವ ಚಾವಿ ಒಂದು ಕಡೆ, ಎರಡು ಕ್ಯಾನು ಇನ್ನೊಂದು ಕಡೆ. ಆದರೆ ಅದು ಸವಳು ನೀರು. ಸೋಪು ನೊರೆಯಾಗಲಿಲ್ಲ. ಕೂಸಿನ ಮೈಮೇಲೆ ಕೆಂಪು ಗುಳ್ಳೆಗಳೆದ್ದವು.

ಗಿರಿಜವ್ವ ಮಾನ ಬಿಟ್ಟು ಪಕ್ಕದ ಮನೆಯ ಹೊಸ್ತಿಲಿಗೆ ಹೋದಳು. ನೀರು ಕೇಳಲಿಲ್ಲ. ಕೂಸಿಗೆ ಎರೆಯಲು ಬಾ ಎಂದು ಮಾತ್ರ ಕೇಳಿದಳು. ನೀಲವ್ವ ಆಗಷ್ಟೇ ಕೆಲಸದಿಂದ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಎರಡೂ ಅಂಗೈ ಮೇಲೆ ಮಾಡಿ ತೋರಿಸಿದಳು.

“ನೋಡ ಇಲ್ಲಿ. ಮೆಣಸಿನಕಾಯಿ ಕೈ. ತೊಳಕೊಳ್ಳಾಕ ನನಗ ನೀರಿಲ್ಲ. ಈ ಕೈಲೆ ನಿನ್ನ ಮೊಮ್ಮಗನ್ನ ಹೆಂಗ ಮುಟ್ಟಲಿ?”

ಅದು ಸಿಟ್ಟಿನ ಮಾತೋ, ನಿಜದ ಮಾತೋ ಎಂದು ಗಿರಿಜವ್ವನಿಗೆ ಆಗ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಅವಳು ತಿರುಗಿ ಬಂದಳು. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ತೊಟ್ಟಿಲ ಕಾರ್ಯಕ್ಕೆ ಕುಪ್ಪೇಲೂರಿನಿಂದ ಬೀಗರು ಬಂದರು. ನನ್ನನ್ನೂ ಕರೆದಿದ್ದರು. ಬಂದವರಿಗೆ ಕಾಲು ತೊಳೆಯಲು ಇಟ್ಟದ್ದು ಅರ್ಧ ಬಕೆಟ್ಟು. ಸುಮಾಳ ಅತ್ತೆ ಸಣ್ಣ ಮಾತಿನವಳಲ್ಲ. ಹಿತ್ತಿಲಿಗೆ ಹೋಗಿ ತಣ್ಣಗಿದ್ದ ಹಂಡೆಯನ್ನು ನೋಡಿದಳು, ಕೂಸಿನ ಬೆನ್ನು ನೋಡಿದಳು, ಸೊಸೆಯ ಜಡೆಗಟ್ಟಿದ ಕೂದಲು ನೋಡಿದಳು. ಊಟವಾದ ಮೇಲೆ ಮೆಲ್ಲಗೆ ಹೇಳಿದಳು: “ಬೀಗರ, ತಪ್ಪ ತಿಳೀಬ್ಯಾಡ್ರಿ. ನಮ್ಮ ಹೊಲದ ಬೋರು ಇನ್ನೂ ಎಳ್ಯಾಕತ್ತೈತಿ. ನೀರೂ ಸಿಹಿ ಅದಾವು. ನಾಳೆ ಕರಕೊಂಡ ಹೋಗ್ತೀವಿ.”

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಗಿರಿಜವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಮರುದಿನ ಬಾಡಿಗೆ ಕಾರು ಬಂತು. ಐದು ತಿಂಗಳು ಇರಬೇಕಾದ ಬಾಣಂತಿ ಐದನೆಯ ವಾರವನ್ನೂ ನೋಡದೆ ಹೊರಟಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಮುಂದೆ ಬಂದು ಉಡಿ ತುಂಬಲಿಲ್ಲ. ನೀಲವ್ವನ ಬಾಗಿಲು ಮುಚ್ಚಿತ್ತು. ಕೂಸನ್ನು ಎತ್ತಿಕೊಂಡ ಸುಮಾ ಕಾರು ಹತ್ತುವ ಮೊದಲು ಅಪ್ಪನ ಮುಂದೆ ನಿಂತಳು.

“ಊರಿಗೆಲ್ಲಾ ನೀರು ಬಿಡ್ತಿ ಯಪ್ಪಾ. ನಿನ್ನ ಮಗಳು ಊರಾಗಿನಾಕಿ ಅಲ್ಲೇನು?”

ಅವನು ಅವಳ ಚೀಲವನ್ನು ಎತ್ತಿ ಕಾರಿನೊಳಗಿಟ್ಟ. ಅವತ್ತೂ ಡ್ಯೂಟಿಗೆ ಬಂದ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದ, ಸರಿಯಾದ ಹೊತ್ತಿಗೆ ಮುಚ್ಚಿದ.

ಮುಂದೆ ಮಳೆಯಾಯಿತು. ಹೊಳೆ ತುಂಬಿತು. ಅವನ ಓಣಿಯ ಪಾಳಿ ತನ್ನ ಜಾಗಕ್ಕೆ ಬಂತು. ಊರಲ್ಲಿ ಯಾರಿಗೂ ಅದು ಗೊತ್ತೂ ಆಗಲಿಲ್ಲ. ಯಾರ ಮಾತಿಗೆ ಹೆದರಿ ಇಷ್ಟೆಲ್ಲ ಮಾಡಿದನೋ ಅವರು ಆ ಮಾತನ್ನು ಆಡಿದ್ದನ್ನೇ ಮರೆತಿದ್ದರು. ಆದರೆ ಹೊಳೆ ತುಂಬಿದ ಹಾಗೆ ಮನೆ ತುಂಬಲಿಲ್ಲ. ಸುಮಾ ತವರಿಗೆ ಬರುವುದನ್ನು ಬಿಡಲಿಲ್ಲ. ಹಬ್ಬಕ್ಕೆ ಬೆಳಗಿನ ಬಸ್ಸಿಗೆ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ಕೈಚೀಲದಲ್ಲಿ ಕುಪ್ಪೇಲೂರಿನ ನೀರು ತುಂಬಿದ ಬಾಟಲಿ ಇರುತ್ತಿತ್ತು. ಅವ್ವ ನೀರು ತಂದಿಟ್ಟರೆ, “ಐತವ್ವಾ” ಎಂದು ಬಾಟಲಿ ತೆಗೆದು ಕುಡಿಯುತ್ತಿದ್ದಳು. ಸಿಟ್ಟಿರಲಿಲ್ಲ, ರೂಢಿಯಾಗಿತ್ತು. ಎರಡನೆಯ ಹೆರಿಗೆಗೆ ತವರಿನ ಮಾತೇ ಬರಲಿಲ್ಲ. ಚನ್ನಬಸಪ್ಪ ನಿವೃತ್ತನಾದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಕೂತು, “ಆ ಬಾಟಲಿ ನೋಡಿದ್ರ ನನಗ ಊಟ ಇಳಿಯೂದಿಲ್ಲೋ” ಅಂದಿದ್ದ. ಆ ಬೇಸಿಗೆಯ ಬಗ್ಗೆ ಆಮೇಲೆ ಅವನು ಆಡಿದ್ದು ಅದೊಂದೇ ಮಾತು.

ಈ ಬೇಸಿಗೆ ಮತ್ತೆ ಹೊಳೆ ಇಳಿದಾಗ ಅವನು ತೀರಿಕೊಂಡ. ಎದೆನೋವು ಎಂದವನನ್ನು ಹಾವೇರಿಗೆ ಕರೆದೊಯ್ಯುವ ದಾರಿಯಲ್ಲಿಯೇ ಮುಗಿದಿತ್ತು. ಬೆಳಿಗ್ಗೆ ನಾನು ಹೋದಾಗ ಅಂಗಳದಲ್ಲಿ ಶವವಿತ್ತು. ಮೈ ತೊಳೆಯಬೇಕು. ಅವತ್ತು ಆ ಓಣಿಯ ನೀರಿನ ದಿನವಾಗಿರಲಿಲ್ಲ. ಈಗಿನ ವಾಲ್ವ್‌ಮನ್ ಮಂಜುನಾಥ, ಚನ್ನಬಸಪ್ಪನ ಕೈಕೆಳಗೆ ಕೆಲಸ ಕಲಿತವನು, ಅದೇ ಚಾವಿ ಹಿಡಿದು ಬಂದು ನಿಂತಿದ್ದ.

“ಅವ್ವಾರ, ಹತ್ತ ನಿಮಿಷ ಬಿಡತೇನ್ರಿ. ಯಾರೂ ಏನೂ ಅನ್ನೂದಿಲ್ಲ.”

ಗಿರಿಜವ್ವ ತಲೆ ಎತ್ತಿದಳು. “ಬ್ಯಾಡಪಾ. ಜೀವ ಇದ್ದಾಗ ಪಾಳಿ ಬಿಟ್ಟ ಒಂದ ಚರಿಗಿ ತರಲಿಲ್ಲ ಆ ಮನಿಶ್ಯಾ. ಮಗಳನ್ನ ಕಳಸಿದ, ಪಾಳಿ ಸರಸಲಿಲ್ಲ. ಇವತ್ತ ಹೆಣಕ್ಕ ಯಾಕ ಆ ಮಾತು ಹಚ್ಚತಿ?”

ಮಂಜುನಾಥ ಚಾವಿ ಗೋಡೆಗೆ ಆನಿಸಿದ. ಆಗ ಪಕ್ಕದ ಮನೆಯಲ್ಲಿ ಸರಪಳಿಯ ಸದ್ದು ಕೇಳಿತು. ನೀಲವ್ವ ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಂದು ಅಂಗಳದಲ್ಲಿ ಇಳಿಸಿದಳು. ಅವಳಿಗೂ ಈಗ ವಯಸ್ಸಾಗಿದೆ, ಏದುಸಿರು ಬಿಡುತ್ತಿದ್ದಳು. ಅವಳ ಹಿಂದೆ ಎದುರು ಮನೆಯವಳು. ಅವಳ ಹಿಂದೆ ಮೂಲೆಯ ಮನೆಯ ಸೊಸೆ. ಎಲ್ಲ ಮನೆಯಿಂದ ಒಂದೊಂದು ಬಂತು. ಸ್ಟೀಲಿನದು, ಪ್ಲಾಸ್ಟಿಕ್ಕಿನದು, ಒಂದು ಹಳೆಯ ತಾಮ್ರದ್ದು. ಕೂಡಿಟ್ಟ ನೀರು. ಮುಂದಿನ ಪಾಳಿಗೆ ಇನ್ನೂ ಎಷ್ಟು ದಿನ ಇದೆ ಎಂಬುದು ಅವರೆಲ್ಲರಿಗೂ ಗೊತ್ತಿತ್ತು.

ಗಿರಿಜವ್ವ ಸಾಲಾಗಿ ನಿಂತ ಕೊಡಗಳನ್ನು ನೋಡುತ್ತ ಕೂತಳು.

“ಈ ಓಣ್ಯಾಗ ಇಷ್ಟ ಕೊಡಾ ಇದ್ದುವೇನ ನೀಲವ್ವಾ?” ಅಂದಳು.

“ಅವತ್ತೂ ಇದ್ದುವಕ್ಕ. ಒಂದೊಂದ ಕೊಡ್ತಿದ್ವಿ. ನೀ ಬಾಯಿ ಬಿಟ್ಟ ಕೇಳಲಿಲ್ಲ, ನಾ ಎದ್ದ ಬಂದ ಕೊಡಲಿಲ್ಲ.” ನೀಲವ್ವ ಅವಳ ಪಕ್ಕದಲ್ಲಿ ಕುಸಿದಳು. “ಆ ಕೀಲಿ ನಿನಗ ಹಾಕಿದ್ದಲ್ಲವಾ. ನನ್ನ ಗಂಡಗ ಹಾಕಿದ್ದೆ. ಟಂಟಂ ಗಾಡಿ ತೊಳಿಯಾಕ ಅಂತ ಬ್ಯಾರಲ್ಲಿಗೆ ಕೈ ಹಾಕತಿದ್ದ. ದಿನಾ ಅದಕ್ಕ ಜಗಳಾ ಆಗ್ತಿತ್ತು ನಮ್ಮನ್ಯಾಗ. ನಿನಗ ಹೆಂಗ ಹೇಳ್ಲಿ, ಮಾತ ಬಿಟ್ಟಿದ್ದಿ.”

ಇಷ್ಟು ವರ್ಷ ಗಿರಿಜವ್ವ ಹೊತ್ತುಕೊಂಡಿದ್ದ ಆ ಕೀಲಿ ಅವಳದಾಗಿರಲೇ ಇಲ್ಲ. ಇದನ್ನು ಕೇಳಬೇಕಾಗಿದ್ದ ಇನ್ನೊಬ್ಬ ಅಂಗಳದಲ್ಲಿ ಮಲಗಿದ್ದ.

ಸುಮಾ ಕುಪ್ಪೇಲೂರಿನಿಂದ ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಅಪ್ಪನ ಕಾಲಿಗೆ ಮೊದಲ ಚರಿಗೆ ಹಾಕಿದವಳು ಅವಳು. ಮಣ್ಣು ಮುಗಿಸಿ ಬಂದ ಮೇಲೆ ಅವಳು ಅತ್ತು ದಣಿದು ಕಟ್ಟೆಯ ಮೇಲೆ ಕೂತಳು. ನೀಲವ್ವ ಒಂದು ಲೋಟ ನೀರು ತಂದು ಮುಂದೆ ಹಿಡಿದಳು. ಸುಮಾಳ ಕೈ ಮೊದಲು ಚೀಲದ ಕಡೆಗೇ ಹೋಯಿತು. ಅಲ್ಲಿ ಬಾಟಲಿ ಇತ್ತು, ತುಂಬಿತ್ತು. ಕೈ ಹಿಂದೆ ತೆಗೆದು ಲೋಟ ತೆಗೆದುಕೊಂಡು ಕುಡಿದಳು. ಇನ್ನೊಂದು ಕೇಳಿದಳು. ಅದನ್ನು ನೋಡಬೇಕಾದವನು ನಾನಾಗಿರಲಿಲ್ಲ. ಆದರೆ ನೋಡಿದವನು ನಾನು. ಅದಕ್ಕೇ ಬರೆದೆ.

ಈ ಕೆಲಸದಲ್ಲಿ ನಾನು ಪಂಪು, ಪೈಪು, ಒತ್ತಡದ ಬಗ್ಗೆ ಕಲಿತದ್ದು ಬಹಳ. ಅದನ್ನು ಯಾರು ಬೇಕಾದರೂ ಕಲಿಯಬಹುದು. ತನ್ನವರಿಗೆ ಹೆಚ್ಚು ಕೊಡುವುದು ತಪ್ಪು ಎಂದು ನಮಗೆಲ್ಲ ಹೇಳಿಕೊಡುತ್ತಾರೆ. ತನ್ನವರಿಗೆ ಕಡಿಮೆ ಕೊಡುವುದೂ ಅಷ್ಟೇ ತಪ್ಪು ಎಂದು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಹೆಸರಿಗಾಗಿ ನಾವು ಬಿಟ್ಟುಕೊಡುವ ನೀರು ಬರೀ ನಮ್ಮದಾಗಿರುವುದಿಲ್ಲ, ಪಕ್ಕದ ಮನೆಯದೂ ಆಗಿರುತ್ತದೆ.

ಮೊನ್ನೆ ಸಂಜೆ ಟ್ಯಾಂಕಿನ ಹತ್ತಿರ ಮಂಜುನಾಥ ಸಿಕ್ಕಿದ. ಸೈಕಲ್ ಹೋಗಿ ಈಗ ಬೈಕು, ಚಾವಿ ಮಾತ್ರ ಅದೇ. ಅವನ ಮನೆಯೂ ಇದೇ ಟ್ಯಾಂಕಿನ ಕೆಳಗೆ.

“ನಿಮ್ಮ ಓಣಿ ಪಾಳಿ ಎಂದ ಐತೋ?” ಎಂದು ಕೇಳಿದೆ.

“ಕಡೀಕ ಇಟ್ಟೇನ್ರಿ. ಮೊದಲ ಬಿಟ್ರ ಮಂದಿ ಮಾತಾಡ್ತಾರ.”

“ಮೊದಲ ಬ್ಯಾಡ, ಕಡೀಕೂ ಬ್ಯಾಡ. ಎಲ್ಲಿ ಇತ್ತೋ ಅಲ್ಲೇ ಇಡು.”

“ಮಂದಿ ಮಾತಾಡ್ತಾರಲ್ರಿ?”

“ಮಾತಾಡ್ಲಿ. ಮಂದಿ ಮರೀತಾರ, ಮನ್ಯಾಗಿನವರು ಮರಿಯೂದಿಲ್ಲ” ಅಂದೆ.